ಓದುಗರ ಪ್ರಶ್ನೆ: ಒಂದು ಕೋಟಿನ ಗುಂಡಿಗೆ ಇಷ್ಟು ಮರ್ಯಾದೆ ಯಾಕೆ?

ಹೋದ ಸಂಚಿಕೆಯಲ್ಲಿ ಮುಧೋಳ ನಾಯಿ ಬಗ್ಗೆ ಬರೆಯುತ್ತಾ ಸುಮ್ನೆ ಒಂದು ಮಾತು ಸೇರಿಸಿದ್ದೆ. ನಾನು ಅಮೆರಿಕದ ವರ್ಜೀನಿಯಾದಲ್ಲಿ ಆರು ವರ್ಷ ಕುದುರೆ ಆಸ್ಪತ್ರೆಯಲ್ಲಿದ್ದೆ, ಅಲ್ಲಿ ನರಿ ಬೇಟೆಯ ತಂಡದವರ ಜೊತೆ ಕುದುರೆ ಏರಿ ಹೋಗುತ್ತಿದ್ದೆ, ಅವರಲ್ಲಿ 'ಕಲರ್ಸ್' ಅಂತ, ಅಂದರೆ ತಂಡದ ಗುರುತಿನ ಗುಂಡಿಯನ್ನು ಕೋಟಿಗೆ ಹಾಕುವ ಹಕ್ಕು, ಒಂದು ಮರ್ಯಾದೆ ಇದೆ ಅಂತ. ಮುಧೋಳ ನಾಯಿಯ ಊಟ, ಲಸಿಕೆ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಮಾತಿನ ಬಗ್ಗೆಯೇ. ಆಗಲಿ, ಈ ಸಲ ಅದನ್ನೇ ಮಾತಾಡೋಣ. ಎಮ್ಮೆ ಕೆಚ್ಚಲು ಬಾವಿನ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆಯಿರಿ. ತಡೆಯಲು ಆಗದಿದ್ದರೆ ಇವತ್ತೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಪತ್ರಿಕೆಗಾಗಿ ಕಾಯಬೇಡಿ.

ಪ್ರಶ್ನೆ: ನಾನು ಬಿದರಿ ಕೆಲಸ ಮಾಡುವವನು. ಹೊರದೇಶದ ಗಿರಾಕಿಯೊಬ್ಬರು ಒಂದು ಡಜನ್ ಕೋಟಿನ ಗುಂಡಿ ಬೇಕು ಅಂದಿದ್ದಾರೆ. ನರಿ ಮುಖ, ಕೆಳಗೆ ಮೂರು ಅಕ್ಷರ. ಕಪ್ಪು ನೆಲದ ಮೇಲೆ ಬೆಳ್ಳಿ. ನಿಮ್ಮ ಲೇಖನ ಓದಿದ ಮೇಲೆ ಇದೇ ಆ 'ಕಲರ್ಸ್' ಗುಂಡಿಯಾ ಅಂತ ಅನುಮಾನ ಬಂತು. ಮಾಡಿಕೊಡಬಹುದಾ? — ಬೀದರ್

ಉತ್ತರ: ನಿಮ್ಮ ಅನುಮಾನ ಸರಿ ಇದೆ, ಅದೇ ಇರಬೇಕು. ನಿಮ್ಮ ಪತ್ರದ ಜೊತೆ ಇದ್ದ ಚಿತ್ರ ನೋಡಿ ನನಗೆ ನಗು ಬಂತು, ಯಾಕೆಂದರೆ ಈ ಸಾಮ್ಯ ನನಗೆ ಆರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಕೆಂಪು ಕೋಟಿಗೆ ಹಾಕುವುದು ಹಿತ್ತಾಳೆ ಗುಂಡಿ. ಕಪ್ಪು ಕೋಟಿಗೆ ಕಪ್ಪು ಗುಂಡಿ, ಅದರ ಮೇಲೆ ಬಿಳಿ ಅಕ್ಷರ ಕೊರೆದಿರುತ್ತಾರೆ. ದೂರದಿಂದ ನೋಡಿದರೆ ಥೇಟ್ ಬಿದರಿ. ಸತು-ತಾಮ್ರ ಎರಕ ಹೊಯ್ದು, ಮೈಲುತುತ್ತ ಬಳಿದು, ಉಳಿಯಿಂದ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಕೋಟೆ ಮಣ್ಣು ಮತ್ತು ನವಸಾಗರದಲ್ಲಿ ಅದ್ದಿ ತೆಗೆದಾಗ ನೆಲ ಮಾತ್ರ ಕಪ್ಪಾಗಿ ಬೆಳ್ಳಿ ಹಾಗೇ ಹೊಳೆಯುತ್ತದಲ್ಲ, ಆ ಹೊಳಪಿನ ಮುಂದೆ ಅವರ ಗುಂಡಿ ಏನೂ ಅಲ್ಲ ಅಂತ ನಾನು ಪಕ್ಷಪಾತದಿಂದಲೇ ಹೇಳುತ್ತೇನೆ.

ಆದರೆ ಎರಡು ಮಾತು. ಮೊದಲನೆಯದು, ಆ ಮೂರು ಅಕ್ಷರ ಒಂದು ಹಂಟ್‌ನ ಗುರುತು. ಹಂಟ್ ಅಂದರೆ ಬೇಟೆ ಅಷ್ಟೇ ಅಲ್ಲ, ಆ ಸಂಘಕ್ಕೂ ಅದೇ ಹೆಸರು. ಆ ಗುಂಡಿ ಹಾಕುವ ಹಕ್ಕು ಹಂಟ್‌ನ ಮುಖ್ಯಸ್ಥ, ಅಂದರೆ ಮಾಸ್ಟರ್, ಯಾರಿಗೆ ಕೊಟ್ಟಿದ್ದಾರೋ ಅವರಿಗೆ ಮಾತ್ರ. ಚಂದಾ ಕಟ್ಟುವ ಸದಸ್ಯರಿಗೆಲ್ಲ ಇಲ್ಲ. ಹಾಗಾಗಿ ಗಿರಾಕಿಯನ್ನು ಮರ್ಯಾದೆಯಿಂದಲೇ ಕೇಳಿ, ನಿಮಗೆ ಕಲರ್ಸ್ ಸಿಕ್ಕಿದೆಯಾ, ಮಾಸ್ಟರ್‌ಗೆ ಈ ವಿಷಯ ಗೊತ್ತಾ ಅಂತ. ಸಿಕ್ಕವರು ಖುಷಿಯಿಂದ ಹೇಳುತ್ತಾರೆ. ಸಿಗದವರು ತಡವರಿಸುತ್ತಾರೆ.

ಎರಡನೆಯದು ನಿಮ್ಮ ಕಸುಬಿನ ಮಾತು, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸತುವಿನ ಎರಕ ಗಟ್ಟಿ, ಆದರೆ ಬಿದ್ದರೆ ಮುರಿಯುತ್ತದೆ. ಈ ಜನ ಬೇಲಿ ಹಾರುವಾಗ ವಾರಕ್ಕೊಬ್ಬರಾದರೂ ಕೆಳಗೆ ಬೀಳುತ್ತಾರೆ. ಗುಂಡಿಯ ಹಿಂದಿನ ಕೊಂಡಿಯನ್ನು ಎರಕದಲ್ಲೇ ತೆಗೆಯಬೇಡಿ, ಬೇರೆ ಗಟ್ಟಿ ಲೋಹದ್ದು ಕೂರಿಸಿ. ಅಳತೆ ಎರಡು ಥರ ಇರುತ್ತದೆ. ಎದೆಗೂ ಹಿಂದೆ ಸೊಂಟದ ಹತ್ತಿರಕ್ಕೂ ದೊಡ್ಡದು, ತೋಳಿನ ತುದಿಗೆ ಸಣ್ಣದು. ಒಂದು ಡಜನ್‌ನಲ್ಲಿ ದೊಡ್ಡದು ಎಷ್ಟು, ಸಣ್ಣದು ಎಷ್ಟು ಅಂತ ಬರೆಸಿಕೊಂಡೇ ಕೆಲಸ ಶುರು ಮಾಡಿ. ಮುಂಗಡವನ್ನೂ ತೆಗೆದುಕೊಳ್ಳಿ.

ಪ್ರಶ್ನೆ: ಈ ಕಲರ್ಸ್ ಅಂದರೆ ಪದಕವೋ, ಬಹುಮಾನವೋ? ಕುದುರೆ ಚೆನ್ನಾಗಿ ಓಡಿಸಿದವರಿಗೆ ಕೊಡುತ್ತಾರಾ? ದುಡ್ಡು ಇದ್ದವರಿಗೆ ಬೇಗ ಸಿಗುತ್ತದೆ ಅಂತ ನನ್ನ ಊಹೆ. — ಯಾದಗಿರಿ

ಉತ್ತರ: ಜಾತ್ರೆಯ ಕೊನೆಯ ಕುಸ್ತಿ ಗೆದ್ದವನಿಗೆ ನಮ್ಮಲ್ಲಿ ಬೆಳ್ಳಿ ಕಡಗ ಹಾಕುತ್ತಾರೆ ಅಲ್ವಾ? ಮೊದಲು ನಾನೂ ಇದು ಹಾಗೇ ಅಂದುಕೊಂಡಿದ್ದೆ. ಹಾಗಲ್ಲ. ಕಡಗಕ್ಕೆ ಒಂದೇ ದಿನ, ಒಂದೇ ಎದುರಾಳಿ, ಊರೆಲ್ಲ ನೋಡುತ್ತಿರುತ್ತದೆ. ಇಲ್ಲಿ ಎದುರಾಳಿ ಇಲ್ಲ, ಅಂಕ ಇಲ್ಲ, ಅರ್ಜಿಯಂತೂ ಇಲ್ಲವೇ ಇಲ್ಲ. ಕೇಳಿದರೆ ಸಿಗುವುದಿಲ್ಲ. ಕೇಳಿದ್ದಕ್ಕೇ ಇನ್ನೆರಡು ವರ್ಷ ಮುಂದೆ ಹೋದರೂ ಹೋಗಬಹುದು.

ಕೊಡುವುದು ಮಾಸ್ಟರ್ ಇಷ್ಟ. ಅವರು ನೋಡುವುದು ಏನನ್ನು? ಸವಾರಿ ಮಾಡಲು ಬರಬೇಕು, ಹೌಂಡ್‌ಗಳು, ಅಂದರೆ ಬೇಟೆ ನಾಯಿಗಳು, ಏನು ಮಾಡುತ್ತಿವೆ ಅನ್ನುವುದು ಅರ್ಥ ಆಗಬೇಕು. ಆದರೆ ಚೆಂದ ಸವಾರಿ ಮಾಡುವವರು ಹತ್ತು ವರ್ಷವಾದರೂ ಸಾದಾ ಗುಂಡಿಯಲ್ಲೇ ಇದ್ದದ್ದನ್ನು ನೋಡಿದ್ದೇನೆ. ಅಷ್ಟೇನೂ ಚೆನ್ನಾಗಿ ಓಡಿಸದ ಒಬ್ಬ ಅಜ್ಜಿಗೆ ನಾಲ್ಕೇ ವರ್ಷಕ್ಕೆ ಸಿಕ್ಕಿದ್ದನ್ನೂ ನೋಡಿದ್ದೇನೆ. ಅಜ್ಜಿ ಮಾಡಿದ್ದು ಏನು ಗೊತ್ತಾ? ಪ್ರತಿ ಬೇಸಿಗೆ ಹಂಟ್‌ನ ಎರಡು ಹೌಂಡ್ ಮರಿ ಮನೆಗೆ ತಂದು ಸಾಕುತ್ತಿದ್ದಳು. ಇದಕ್ಕೆ ಪಪ್ಪಿ ವಾಕಿಂಗ್ ಅನ್ನುತ್ತಾರೆ. ಮರಿಗಳು ಕೆಲವು ತಿಂಗಳು ಸದಸ್ಯರ ಮನೆಯಲ್ಲಿ, ಹೊಲದಲ್ಲಿ ಬೆಳೆದು, ಕೋಳಿ ಕಂಡರೆ ಬೆನ್ನಟ್ಟಬಾರದು, ತನ್ನ ಹೆಸರು ಕೂಗಿದರೆ ಬರಬೇಕು ಅಂತ ಕಲಿತು ಗುಂಪಿಗೆ ವಾಪಸ್ ಹೋಗುತ್ತವೆ. ಆ ಅಜ್ಜಿಯ ಮನೆಯ ಚಪ್ಪಲಿ ಒಂದೂ ಪೂರ್ತಿ ಇರಲಿಲ್ಲ. ಶನಿವಾರ ಬೇಟೆಗೆ ಬರದಿದ್ದರೂ ಬುಧವಾರ ಬೇಲಿ ರಿಪೇರಿಗೆ ಮೊಳೆ ಸುತ್ತಿಗೆ ಹಿಡಿದು ಬರುತ್ತಿದ್ದಳು.

ಬೇಲಿಯ ಮಾತು ಯಾಕೆ ಬಂತು ಅಂದರೆ, ಹಂಟ್‌ಗೆ ಸ್ವಂತ ಕಾಡು ಇರುವುದಿಲ್ಲ. ಓಡಾಡುವುದೆಲ್ಲ ರೈತರ ಜಮೀನಿನಲ್ಲಿ. ಬಿತ್ತಿದ ಹೊಲ ತುಳಿಯಬಾರದು, ಅಂಚಿನಲ್ಲಿ ಹೋಗಬೇಕು. ಗೇಟು ಹೇಗಿತ್ತೋ ಹಾಗೇ ಬಿಡಬೇಕು, ಮುಚ್ಚಿದ್ದರೆ ಮುಚ್ಚಬೇಕು. ಅದಕ್ಕೆ ಒಬ್ಬರು ಇಳಿದು ಹಿಂದೆ ಉಳಿಯಬೇಕು, ಮುಂದೆ ಎಲ್ಲರೂ ಓಡುತ್ತಿದ್ದರೂ. ಹಾಗೆ ಉಳಿಯುವವರು ಯಾರು, ಕಾಣದ ಹಾಗೆ ಜಾರಿಕೊಳ್ಳುವವರು ಯಾರು ಅನ್ನುವುದು ಮಾಸ್ಟರ್ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ನಮ್ಮಲ್ಲಿ ತೊಗರಿ ಹೊಲದಲ್ಲಿ ಬೇರೆಯವರ ದನ ನುಗ್ಗಿದರೆ ಏನಾಗುತ್ತದೆ ಅಂತ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ರೈತ ಬೇಡ ಅಂದರೆ ಆ ದಿಕ್ಕೇ ಮುಚ್ಚಿದ ಹಾಗೆ.

ದುಡ್ಡಿನ ವಿಷಯ. ಸುಳ್ಳು ಹೇಳುವುದಿಲ್ಲ, ಇದು ದುಡ್ಡಿನವರ ಆಟವೇ. ಕುದುರೆ, ಲಾಯ, ಚಂದಾ, ಬಟ್ಟೆ, ಎಲ್ಲಕ್ಕೂ ಖರ್ಚು. ದೊಡ್ಡ ದಾನಿಗಳಿಗೆ ಬೇಗ ಸಿಕ್ಕಿದ ಉದಾಹರಣೆ ಇಲ್ಲವೇ ಅಂದರೆ ಇರಬಹುದು, ಇಂಥದ್ದು ಎಲ್ಲಿಲ್ಲ ಹೇಳಿ. ಆದರೆ ಹಾಗೆ ಸಿಕ್ಕವರ ಬೆನ್ನ ಹಿಂದೆ ಉಳಿದವರು ಏನು ಮಾತಾಡುತ್ತಾರೆ ಅನ್ನುವುದನ್ನೂ ಕೇಳಿದ್ದೇನೆ.

ಪ್ರಶ್ನೆ: ನಾನು ಟೈಲರ್. ಕಲರ್ಸ್ ಸಿಕ್ಕರೆ ಬಟ್ಟೆಯಲ್ಲಿ ಏನು ಬದಲಾಗುತ್ತದೆ, ಸ್ವಲ್ಪ ಬಿಡಿಸಿ ಬರೆಯಿರಿ. ಟಿವಿಯಲ್ಲಿ ಎಲ್ಲರೂ ಕೆಂಪು ಕೋಟು ಹಾಕಿರುತ್ತಾರೆ. — ಕಲಬುರಗಿ

ಉತ್ತರ: ಟಿವಿಯಲ್ಲಿ ಕೆಂಪು ಕೋಟು ಎದ್ದು ಕಾಣುತ್ತದೆ, ಅದಕ್ಕೇ ಎಲ್ಲರೂ ಕೆಂಪು ಅನಿಸುತ್ತದೆ. ನಿಜವಾಗಿ ಹೆಚ್ಚಿನವರು ಕಪ್ಪು ಅಥವಾ ಕಡುನೀಲಿ ಕೋಟಿನಲ್ಲೇ ಇರುತ್ತಾರೆ.

ಕಲರ್ಸ್ ಸಿಕ್ಕಿದಾಗ ಬದಲಾಗುವುದು ಎರಡು, ಗುಂಡಿ ಮತ್ತು ಕಾಲರ್. ಅದುವರೆಗೆ ಗುಂಡಿ ಸಾದಾ ಕಪ್ಪು, ಆಮೇಲೆ ಹಂಟ್‌ನ ಗುರುತಿನದು. ಕಾಲರ್‌ಗೆ ಆ ಹಂಟ್‌ನ ಬಣ್ಣ. ಒಂದೊಂದು ಹಂಟ್‌ಗೆ ಒಂದೊಂದು ಬಣ್ಣ ಇರುವುದರಿಂದಲೇ ಇದಕ್ಕೆ ಕಲರ್ಸ್ ಅನ್ನುವ ಹೆಸರು. ಹೆಂಗಸರು ಕಪ್ಪು ಕೋಟಿಗೇ ಆ ಬಣ್ಣದ ಕಾಲರ್ ಹಾಕುತ್ತಾರೆ. ಗಂಡಸರಾದರೆ ಕಲರ್ಸ್ ಸಿಕ್ಕ ಮೇಲೆ ಕೆಂಪು ಕೋಟು ಹೊಲಿಸಬಹುದು, ಹೊಲಿಸದೆ ಕಪ್ಪಿನಲ್ಲೇ ಗುಂಡಿ ಬದಲಾಯಿಸಿಕೊಂಡು ಇರಬಹುದು. ಹಳೇ ಪದ್ಧತಿಯಲ್ಲಿ ಹೆಂಗಸರಿಗೆ ಕೆಂಪು ಸಿಗಬೇಕಾದರೆ ಮಾಸ್ಟರ್ ಆಗಿರಬೇಕು, ಇಲ್ಲವೇ ಹೌಂಡ್ ನೋಡಿಕೊಳ್ಳುವ ಸಿಬ್ಬಂದಿ ಆಗಿರಬೇಕು. ಇದು ನನಗೆ ಸರಿ ಕಾಣಲಿಲ್ಲ, ಅಲ್ಲಿಯೂ ಹೇಳಿದ್ದೆ. ಆ ಅಜ್ಜಿ ಮಾತ್ರ "ನನಗೆ ಕಪ್ಪೇ ಒಳ್ಳೆಯದು, ಕೆಸರು ಕಾಣುವುದಿಲ್ಲ" ಅಂದಳು.

ನಿಮಗೆ ಇಷ್ಟವಾಗುವ ವಿಷಯ ಗುಂಡಿಯ ಲೆಕ್ಕ. ಕೋಟಿನ ಮುಂದೆ ಮೂರು ಗುಂಡಿ ಇದ್ದರೆ ಸದಸ್ಯ, ನಾಲ್ಕು ಇದ್ದರೆ ಮಾಸ್ಟರ್, ಐದು ಇದ್ದರೆ ಸಂಬಳದ ಸಿಬ್ಬಂದಿ. ಹಂಟ್‌ನಿಂದ ಹಂಟ್‌ಗೆ ಸ್ವಲ್ಪ ಆಚೀಚೆ ಇರುತ್ತದೆ, ಆದರೆ ಹೆಚ್ಚಿನ ಕಡೆ ಇದೇ ಲೆಕ್ಕ. ಟೋಪಿಯ ಹಿಂದೆ ಸಣ್ಣ ರಿಬ್ಬನ್ ಇರುತ್ತದೆ. ಸಿಬ್ಬಂದಿಯದು ಕೆಳಗೆ ಇಳಿಬಿದ್ದಿರುತ್ತದೆ, ಮಳೆ ನೀರು ಕುತ್ತಿಗೆಗೆ ಇಳಿಯದೆ ಹರಿದುಹೋಗಲಿ ಅಂತ ಅನ್ನುತ್ತಾರೆ. ಉಳಿದವರದು ಮೇಲಕ್ಕೆ ಹೊಲಿದಿರುತ್ತದೆ. ಹೀಗೆ ಐವತ್ತು ಕುದುರೆ ನಿಂತಿದ್ದರೂ ಯಾರು ಯಾರು ಅನ್ನುವುದು ಬಟ್ಟೆಯಿಂದಲೇ ಗೊತ್ತಾಗುತ್ತದೆ.

ಕೆಂಪೇ ಇರಬೇಕು ಅಂತಲೂ ಇಲ್ಲ. ಇಂಗ್ಲೆಂಡಿನ ಬೋಫರ್ಟ್ ಹಂಟ್ ಸದಸ್ಯರದು ನೀಲಿ ಕೋಟು, ಅದಕ್ಕೆ ತಿಳಿಹಳದಿ ಪಟ್ಟಿ. ಬರ್ಕ್ಲಿಯವರದು ಹಳದಿ. ಹೀತ್ರಾಪ್‌ನ ಸಿಬ್ಬಂದಿ ಹಸಿರು. ಇನ್ನೊಂದು ತಮಾಷೆ, ಕೆಂಪು ಕೋಟನ್ನು ಅವರು 'ಪಿಂಕ್' ಅನ್ನುತ್ತಾರೆ. ಪಿಂಕ್ ಅನ್ನುವ ಹೆಸರಿನ ದರ್ಜಿ ಮೊದಲು ಹೊಲಿದ, ಅದಕ್ಕೇ ಆ ಹೆಸರು ಅಂತ ಎಲ್ಲರೂ ಕಥೆ ಹೇಳುತ್ತಾರೆ. ಅಂಥ ದರ್ಜಿ ಇದ್ದ ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ನಿಮ್ಮ ಕಸುಬಿನವರಿಗೆ ಪುಕ್ಕಟೆ ಕೀರ್ತಿ, ಬೇಡ ಅನ್ನಬೇಡಿ.

ಕಾರಹುಣ್ಣಿಮೆ ದಿನ ಕರಿ ಹರಿಯುವಾಗ ಬಿಳಿ ಎತ್ತು ಮುಂದೆ ಬಂತೋ ಕೆಂದೆತ್ತು ಬಂತೋ ಅಂತ ನೋಡಿ ಮುಂಗಾರಿಯೋ ಹಿಂಗಾರಿಯೋ ಅನ್ನುವವರು ನಾವು. ಬಣ್ಣ ನೋಡಿ ಅರ್ಥ ಮಾಡಿಕೊಳ್ಳುವುದು ನಮಗೇನು ಹೊಸದಲ್ಲ.

ಪ್ರಶ್ನೆ: ಪಶುವೈದ್ಯ ವಿದ್ಯಾರ್ಥಿನಿ. ತರಬೇತಿಗೆ ವರ್ಜೀನಿಯಾಕ್ಕೆ ಹೋಗುತ್ತಿದ್ದೇನೆ. ಅಲ್ಲಿನ ಡಾಕ್ಟರ್ ಒಬ್ಬರು ಒಂದು ದಿನ ಹಂಟ್‌ಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ಕುದುರೆ ಸವಾರಿ ಬರುತ್ತದೆ. ಏನು ಹಾಕಿಕೊಳ್ಳಲಿ? — ನಂದಿನಗರ, ಬೀದರ್

ಉತ್ತರ: ಮೊದಲು ನನ್ನ ಕಥೆ ಕೇಳಿ, ಆಮೇಲೆ ಬಟ್ಟೆ.

ನನ್ನ ಮೊದಲ ಚಳಿಗಾಲ. ನನ್ನ ಹತ್ತಿರ ಕೋಟು ಇರಲಿಲ್ಲ. ಲಾಯದ ಗೆಳೆಯನೊಬ್ಬ ಬೀರುವಿನಿಂದ ಹಳೇ ಕಪ್ಪು ಕೋಟು ತೆಗೆದು ಕೊಟ್ಟ. ಬೆಳಗಿನ ಜಾವ, ಕತ್ತಲು, ನಾನು ಹಾಕಿಕೊಂಡೆ, ಗುಂಡಿ ಹಾಕಿದೆ, ಹೊರಟೆ. ಎಲ್ಲರೂ ಸೇರುವ ಜಾಗದಲ್ಲಿ ಬೆಳಕಾಯಿತು. ಒಬ್ಬ ಹೆಂಗಸು ಕುದುರೆಯನ್ನು ನನ್ನ ಪಕ್ಕಕ್ಕೆ ತಂದು, ನನ್ನ ಎದೆಯನ್ನೇ ನೋಡಿದಳು. ನಾನೂ ಬಗ್ಗಿ ನೋಡಿದೆ. ಮೂರೂ ಗುಂಡಿಯ ಮೇಲೆ ಆ ಹಂಟ್‌ನ ಅಕ್ಷರ! ಗೆಳೆಯನ ಮಾವನದಂತೆ ಆ ಕೋಟು. ಬೈಯಲಿಲ್ಲ ಆಕೆ. "ಕೋಟು ಚೆನ್ನಾಗಿದೆ" ಅಂದಳು, ಅಷ್ಟೇ. ಅದು ಬೈಗುಳಕ್ಕಿಂತ ಜಾಸ್ತಿ. ನನ್ನ ಜೇಬಿನಲ್ಲಿ ಕುದುರೆ ಕಾಲಿಗೆ ಸುತ್ತುವ ಕಪ್ಪು ಅಂಟುಪಟ್ಟಿ ಇತ್ತು, ನಮ್ಮ ಕಸುಬಿನವರ ಜೇಬಿನಲ್ಲಿ ಯಾವಾಗಲೂ ಇರುತ್ತದಲ್ಲ. ಮರದ ಹಿಂದೆ ಹೋಗಿ, ಗೊರಸು ಕೆರೆಯುವ ಚಾಕುವಿನಿಂದ ಕತ್ತರಿಸಿ, ಒಂದೊಂದು ಗುಂಡಿಗೂ ಬ್ಯಾಂಡೇಜು ಕಟ್ಟಿದೆ. ಇಡೀ ದಿನ ಹಾಗೇ ಓಡಾಡಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಮಾಸ್ಟರ್ ನನ್ನ ಹತ್ತಿರ ಬಂದು, ಗುಂಡಿಗಳಿಗೆ ಪೆಟ್ಟು ಜೋರಾಗಿ ಬಿದ್ದಿದೆಯಾ ಡಾಕ್ಟರ್, ಉಳಿಯುತ್ತವಾ ಅಂತ ಕೇಳಿದರು. ಆಮೇಲೆ ಎಲ್ಲರೂ ನನ್ನನ್ನು ಗುರುತಿಸತೊಡಗಿದ್ದು ಆ ಬ್ಯಾಂಡೇಜಿನಿಂದಲೇ.

ಹಾಗಾಗಿ ಎರವಲು ಕೋಟು ಹಾಕುವ ಮೊದಲು ಗುಂಡಿ ನೋಡಿ, ಕಾಲರ್ ನೋಡಿ. ನೀವು ಹೋಗುವುದು ಸೆಪ್ಟೆಂಬರ್, ಅಕ್ಟೋಬರ್ ಆದರೆ ಚಿಂತೆ ಇಲ್ಲ. ಅದು ಎಳೆ ಹೌಂಡ್‌ಗಳಿಗೆ ಕಲಿಸುವ ಕಾಲ. ಆಗ ಎಲ್ಲರೂ ಟ್ವೀಡ್ ಕೋಟಿನಲ್ಲಿ ಬರುತ್ತಾರೆ, ಆ ಉಡುಪಿಗೆ 'ರ್ಯಾಟ್‌ಕ್ಯಾಚರ್' ಅನ್ನುತ್ತಾರೆ, ಇಲಿ ಹಿಡಿಯುವವನ ವೇಷ ಅಂತ. ನವೆಂಬರ್ ಹೊತ್ತಿಗೆ ಓಪನಿಂಗ್ ಮೀಟ್ ಆಗುತ್ತದೆ. ಅಲ್ಲಿಂದ ಪೂರ್ತಿ ವೇಷ. ನಿಮಗೆ ಸಾದಾ ಗುಂಡಿಯ ಕಪ್ಪು ಕೋಟು, ತಿಳಿಬಣ್ಣದ ಸವಾರಿ ಪ್ಯಾಂಟು, ಕಪ್ಪು ಬೂಟು, ಗಟ್ಟಿ ಹೆಲ್ಮೆಟ್ ಸಾಕು. ಕುತ್ತಿಗೆಗೆ ಬಿಳಿ ಸ್ಟಾಕ್ ಟೈ ಕಟ್ಟುತ್ತಾರೆ. ಅದು ಸುಮ್ನೆ ಶೋಕಿಗಲ್ಲ. ಯಾರಾದರೂ ಬಿದ್ದು ಕೈ ಮುರಿದರೆ ಜೋಳಿಗೆ ಕಟ್ಟಲು, ಕುದುರೆ ಕಾಲಿಗೆ ಗಾಯವಾದರೆ ಸುತ್ತಲು ಅದೇ ಪಟ್ಟಿ. ಅದರ ಪಿನ್ನು ಅಡ್ಡಕ್ಕೇ ಚುಚ್ಚಿ. ಉದ್ದಕ್ಕೆ ಚುಚ್ಚಿದರೆ ಬಿದ್ದಾಗ ಗಲ್ಲಕ್ಕೆ ನಾಟುತ್ತದೆ.

ಬಟ್ಟೆಗಿಂತ ಮುಖ್ಯ ನಡತೆ. ಬಂದ ಕೂಡಲೇ ಮಾಸ್ಟರ್‌ಗೆ ಗುಡ್ ಮಾರ್ನಿಂಗ್ ಹೇಳಿ. ಹೊರಡುವಾಗ ಗುಡ್ ನೈಟ್, ಮಧ್ಯಾಹ್ನ ಹನ್ನೆರಡಾಗಿದ್ದರೂ ಗುಡ್ ನೈಟೇ. ಮುಂದೆ ಹೋಗುವ ಫೀಲ್ಡ್ ಮಾಸ್ಟರ್ ಅವರನ್ನು ದಾಟಬೇಡಿ. ಹೌಂಡ್ ಪಕ್ಕದಲ್ಲಿ ಹಾದರೆ ಕುದುರೆಯ ಮುಖ ಅದರ ಕಡೆ ತಿರುಗಿಸಿ, ಹಿಂಗಾಲು ಕೊಡಬೇಡಿ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ ಕುದುರೆ ಕಂಡರೆ ದೂರ ಇರಿ, ಅದು ಒದೆಯುತ್ತದೆ. ಹಸಿರು ಕಟ್ಟಿದ್ದರೆ ಎಳೆಯದು, ಇನ್ನೂ ಕಲಿಯುತ್ತಿದೆ. ಹೌಂಡ್‌ಗಳನ್ನು ನಾಯಿ ಅನ್ನಬೇಡಿ, ಮುಖ ಸಿಂಡರಿಸುತ್ತಾರೆ. ಎಣಿಸುವುದೂ ಜೋಡಿ ಲೆಕ್ಕದಲ್ಲಿ. ನಲವತ್ತೊಂದು ಇದ್ದರೆ ಇಪ್ಪತ್ತೂವರೆ ಜೋಡಿ ಅನ್ನುತ್ತಾರೆ. ಅರ್ಧ ಜೋಡಿ ಅಂದರೆ ಯಾವ ಅರ್ಧ ಅಂತ ಮೊದಲ ದಿನ ಕೇಳಿದವನು ನಾನು.

ಪ್ರಶ್ನೆ: ನಮ್ಮದು ಬೇಡರ ನಾಡು, ಬೇಟೆ ಗೊತ್ತು. ಆದರೆ ಒಂದು ಪಾಪದ ನರಿಯ ಹಿಂದೆ ನಲವತ್ತು ನಾಯಿ, ಐವತ್ತು ಕುದುರೆ ಬಿಡುವುದು ಯಾವ ಶೌರ್ಯ? ಅದಕ್ಕೆ ಮತ್ತೆ ಮರ್ಯಾದೆ ಬೇರೆ. ಕಾನೂನು ಇಲ್ಲವಾ? — ಸುರಪುರ

ಉತ್ತರ: ಖಾರವಾಗಿಯೇ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಕೊಲ್ಲುವುದು ನನಗೂ ಇಷ್ಟವಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಕಾಯ್ದೆ ಬಂದು, 2005ರ ಫೆಬ್ರವರಿ 18ರಿಂದ ನಾಯಿ ಬಿಟ್ಟು ನರಿ ಬೇಟೆ ಆಡುವುದು ನಿಷೇಧ. ಸ್ಕಾಟ್ಲೆಂಡ್ ಅದಕ್ಕೂ ಮೊದಲು, 2002ರಲ್ಲೇ ಕಾನೂನು ಮಾಡಿತ್ತು. ಆಮೇಲೆ ಇಂಗ್ಲೆಂಡಿನ ಹಂಟ್‌ಗಳು ಮುಚ್ಚಲಿಲ್ಲ. ಮೊದಲೇ ಒಂದು ವಾಸನೆ ಎಳೆದು ಬಿಟ್ಟು ಅದರ ಹಿಂದೆ ಹೌಂಡ್ ಓಡಿಸುತ್ತೇವೆ ಅನ್ನುತ್ತಾರೆ. ಅದರ ನೆಪದಲ್ಲಿ ನಿಜವಾದ ನರಿಯನ್ನೇ ಅಟ್ಟುತ್ತಾರೆ ಅಂತ ವಿರೋಧಿಗಳ ದೂರು. ಆ ಜಗಳ ಇನ್ನೂ ಮುಗಿದಿಲ್ಲ. ವರ್ಜೀನಿಯಾದಲ್ಲಿ ನಿಷೇಧ ಇಲ್ಲ. ಆದರೆ ಅಲ್ಲಿ ಅಟ್ಟಿಕೊಂಡು ಹೋಗುವುದೇ ಆಟ, ನರಿ ಬಿಲ ಸೇರಿದರೆ ಮುಗಿಯಿತು. ನಾನು ಹೋದ ದಿನಗಳಲ್ಲಿ ಹೆಚ್ಚಿನ ಸಲ ನರಿ ಬಿಲ ಸೇರಿತು, ನಾವು ಕೆಸರು ಮೆತ್ತಿಕೊಂಡು ವಾಪಸ್ ಬಂದೆವು.

ನಮ್ಮ ದೇಶದಲ್ಲೂ ಇತ್ತು. ಬ್ರಿಟಿಷರು ಊಟಿಯಲ್ಲಿ ಹಂಟ್ ಕಟ್ಟಿ, ಅವರ ಕೆಂಪು ನರಿ ಇಲ್ಲದ್ದಕ್ಕೆ ಗುಳ್ಳೆನರಿಯ ಹಿಂದೆ ಓಡಿದರು, ಕೆಂಪು ಕೋಟು ಸಮೇತ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಇಲ್ಲಿ ನರಿ ಬೇಟೆ ಅಪರಾಧ. ಊಟಿಯವರು ಆಮೇಲೆ ವಾಸನೆ ಎಳೆದ ದಾರಿಯಲ್ಲೇ ಓಡತೊಡಗಿದರು. ನಮ್ಮ ಕಡೆ ಕಬ್ಬಿನ ಗದ್ದೆಯಲ್ಲಿ ನರಿ ಕಂಡರೂ ಬಿಟ್ಟುಬಿಡಿ. ಇಲಿ ಹೆಗ್ಗಣ ತಿಂದು ನಿಮಗೇ ಉಪಕಾರ ಮಾಡುತ್ತದೆ. ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಒಳ್ಳೆಯದು ಅಂತ ನಮ್ಮಲ್ಲಿ ನಂಬಿಕೆ. ಅದರ ಮುಖ ನೋಡಲು ಅವರು ಕುದುರೆ, ಕೋಟು, ಕೊಂಬು ಎಲ್ಲ ಕಟ್ಟಿಕೊಂಡು ಹೊರಡುತ್ತಾರೆ, ನಾವು ಪುಕ್ಕಟೆಯಾಗಿ ನೋಡುತ್ತೇವೆ.

ಮರ್ಯಾದೆಯ ವಿಷಯದಲ್ಲಿ ಮಾತ್ರ ನಿಮ್ಮನ್ನು ಪೂರ್ತಿ ಒಪ್ಪುವುದಿಲ್ಲ. ಆ ಗುಂಡಿ ನರಿ ಹಿಡಿದದ್ದಕ್ಕೆ ಕೊಡುವುದಲ್ಲ. ಗೇಟು ಮುಚ್ಚಿದ್ದಕ್ಕೆ, ಮರಿ ಸಾಕಿದ್ದಕ್ಕೆ, ಬಿದ್ದವರ ಕುದುರೆ ಹಿಡಿದು ತಂದದ್ದಕ್ಕೆ ಕೊಡುವುದು.

ಪ್ರಶ್ನೆ: ಬೇರೆ ಹಂಟ್‌ಗೆ ಹೋದಾಗಲೂ ಅದೇ ಗುಂಡಿ ಹಾಕಬಹುದಾ? ಮಕ್ಕಳಿಗೂ ಕೊಡುತ್ತಾರಾ? — ಸೇಡಂ

ಉತ್ತರ: ಹಾಕಬಹುದು, ಆದರೆ ಆ ಮನೆಯ ಮಾಸ್ಟರ್‌ರನ್ನು ಮೊದಲೇ ಕೇಳಬೇಕು. ಮಕ್ಕಳಿಗೂ ಕೆಲವು ಕಡೆ ಜೂನಿಯರ್ ಕಲರ್ಸ್ ಇದೆ. ಅವರು ದೊಡ್ಡವರಿಗಿಂತ ಚೆನ್ನಾಗಿ ಗೇಟು ಮುಚ್ಚುತ್ತಾರೆ.

ಪ್ರಶ್ನೆ: ಇಷ್ಟೆಲ್ಲ ಬರೆಯುತ್ತೀರಿ, ನಿಮಗೆ ಸಿಕ್ಕಿತಾ ಇಲ್ಲವಾ? ಅದನ್ನು ಮಾತ್ರ ಹೇಳಲಿಲ್ಲ. — ಆಳಂದ

ಉತ್ತರ: ನಮ್ಮೂರ ಕಡೆಯವರೇ ಬಿಡುವುದಿಲ್ಲ ನೋಡಿ.

ಕೊಡುವ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೇಟೆ ಮುಗಿದ ಮೇಲೆ ಎಲ್ಲರೂ ಸೇರಿ ಊಟ ಮಾಡುತ್ತಾರೆ. ಅದಕ್ಕೆ ಹಂಟ್ ಬ್ರೇಕ್‌ಫಾಸ್ಟ್ ಅಂತ ಹೆಸರು, ಮಧ್ಯಾಹ್ನ ಮೂರಕ್ಕೆ ತಿಂದರೂ. ಅಜ್ಜಿಗೆ ಕೊಟ್ಟ ದಿನ ನಾನು ಅಲ್ಲಿದ್ದೆ. ಮಾಸ್ಟರ್ ಭಾಷಣ ಮಾಡಲಿಲ್ಲ. ಒಂದು ಸಣ್ಣ ಲಕೋಟೆ ಕೊಟ್ಟರು. ಅಜ್ಜಿ ಅದನ್ನು ಅಂಗೈ ಮೇಲೆ ಸುರಿದುಕೊಂಡಳು. ಕಪ್ಪು ಗುಂಡಿಗಳು, ಒಂದು ಉರುಳಿ ಮೇಜಿನ ಕೆಳಗೆ ಹೋಯಿತು. ಮಾಸ್ಟರ್, ನಾನು, ಇನ್ನಿಬ್ಬರು, ಎಲ್ಲರೂ ಕೆಸರು ಬೂಟಿನಲ್ಲೇ ಮೊಣಕಾಲೂರಿ ಹುಡುಕಿದೆವು. ಸಿಕ್ಕಿದ್ದು ಅವಳೇ ಸಾಕಿದ ಒಂದು ಹೌಂಡ್ ಮರಿಯ ಬಾಯಿಯಲ್ಲಿ.

ನನಗೆ ಸಿಗಲಿಲ್ಲ. ಐದನೇ ವರ್ಷ, ಮುಂದಿನ ಸೀಸನ್‌ನಲ್ಲಿ ನಿನ್ನದೂ ಇರಬಹುದು ಅಂತ ಗೆಳೆಯನೊಬ್ಬ ಕಿವಿಯಲ್ಲಿ ಹೇಳಿದ್ದ. ಆರನೇ ವರ್ಷ ಅಕ್ಟೋಬರ್‌ನಲ್ಲಿ ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂತು, ಬಂದೆ, ಮತ್ತೆ ಹೋಗಲಿಲ್ಲ. ಬೇಜಾರು ಇಲ್ಲ ಅಂದರೆ ಸುಳ್ಳಾಗುತ್ತದೆ.

ಎರಡನೇ ವರ್ಷ ಸ್ವಂತಕ್ಕೆ ಹೊಲಿಸಿಕೊಂಡ ಕೋಟು ಇನ್ನೂ ಇದೆ. ದಪ್ಪ ಉಣ್ಣೆ, ಸಾದಾ ಕಪ್ಪು ಗುಂಡಿ, ಮೂರು. ಕಲಬುರಗಿ ಬಿಸಿಲಿಗೆ ಅದನ್ನು ನೋಡಿದರೇ ಬೆವರು ಬರುತ್ತದೆ. ಆದರೆ ಡಿಸೆಂಬರ್‌ನಲ್ಲಿ ಬೀದರ್ ಕಡೆಯಿಂದ ನಡುರಾತ್ರಿ ಎಮ್ಮೆ ಈಯಲು ಕಷ್ಟಪಡುತ್ತಿದೆ ಅಂತ ಕರೆ ಬಂದರೆ ಅದನ್ನೇ ಹಾಕಿಕೊಂಡು ಹೋಗುತ್ತೇನೆ.